ಏಳಲು ತಡ ಮಾಡುವ ಡಿವೈಸ್: ಲಿನಕ್ಸ್‌ನಲ್ಲಿ ಹುಡುಕುವುದು ಹೇಗೆ, ಸರಿ ಮಾಡುವುದು ಹೇಗೆ

ಸ್ವಲ್ಪ ಹೊತ್ತು ಸುಮ್ನೆ ಬಿಟ್ಟ ಲ್ಯಾಪ್‌ಟಾಪ್‌ನಲ್ಲಿ ಮೌಸ್ ಅಲ್ಲಾಡಿಸಿದರೆ ಪಾಯಿಂಟರ್ ಒಂದು ಕ್ಷಣ ಕದಲುವುದಿಲ್ಲ. ಹಾಡು ಹಾಕಿದರೆ ಮೊದಲ ಅಕ್ಷರ ನುಂಗಿಹೋಗಿರುತ್ತದೆ, ಜೊತೆಗೆ ಸ್ಪೀಕರ್‌ನಲ್ಲಿ ಒಂದು ‘ಟಪ್’. ಬಾರ್‌ಕೋಡ್ ಸ್ಕ್ಯಾನರ್ ಬೀಪ್ ಅನ್ನುತ್ತದೆ, ಬಿಲ್ಲಿನಲ್ಲಿ ಮಾತ್ರ ನಂಬರ್ ಬರುವುದಿಲ್ಲ. ಬಹಳ ಸಲ ಈ ಮೂರಕ್ಕೂ ಕಾರಣ ಒಂದೇ. ಕೆಲಸವಿಲ್ಲದ ಡಿವೈಸನ್ನು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು ಭಾಗ, ಪವರ್ ಉಳಿಸಲು ಮಲಗಿಸಿರುತ್ತದೆ. ಅದು ಏಳಲು ಸಮಯ ಬೇಕು.

‘ಪವರ್ ಸೇವಿಂಗ್ ಪೂರ್ತಿ ಆಫ್ ಮಾಡಿಬಿಡಿ’ ಅನ್ನೋ ಸಲಹೆ ಎಲ್ಲ ಕಡೆ ಸಿಗುತ್ತದೆ. ನನಗದು ಒಪ್ಪಿಗೆಯಿಲ್ಲ. ಲಿನಕ್ಸ್‌ನಲ್ಲಿ ಡಿವೈಸ್‌ಗಳಿಗೆ ಅಪ್ಪ-ಮಕ್ಕಳ ಸಂಬಂಧ ಇರುತ್ತದೆ. ಸ್ಕ್ಯಾನರ್ ಹಬ್‌ಗೆ ಸೇರಿದ್ದು, ಹಬ್ ಯುಎಸ್‌ಬಿ ಕಂಟ್ರೋಲರ್‌ಗೆ, ಕಂಟ್ರೋಲರ್ ಪಿಸಿಐ ಬಸ್‌ಗೆ (ಮೆಷಿನ್ ಒಳಗಿನ ಭಾಗಗಳನ್ನು ಪ್ರೊಸೆಸರ್‌ಗೆ ಜೋಡಿಸುವ ದಾರಿ). ಮಗು ಎದ್ದಿದ್ದರೆ ಅಪ್ಪ ಮಲಗುವಂತಿಲ್ಲ. ರಾತ್ರಿ ಮನೆಯಲ್ಲಿ ಒಬ್ಬರು ಓದುತ್ತಾ ಕೂತಿದ್ದರೆ ಪಡಸಾಲೆ ದೀಪ ಆರಿಸೋಕೆ ಆಗಲ್ಲ, ಅಲ್ವಾ? ಹಾಗೇ ಇದು. ಒಂದು ಕೀಬೋರ್ಡ್ ಎದ್ದಿದ್ದಕ್ಕೆ ಇಡೀ ಕಂಟ್ರೋಲರ್ ಎದ್ದಿರುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಕಾರಣಕ್ಕೇ ಪ್ರೊಸೆಸರ್ ತನ್ನ ಅತಿ ಆಳದ ನಿದ್ದೆಗೆ ಇಳಿಯುವುದಿಲ್ಲ. ಹಾಗಾಗಿ ತೊಂದರೆ ಕೊಡುವ ಒಂದೇ ಡಿವೈಸನ್ನು ಹಿಡಿದು, ಅದಕ್ಕೆ ಬೇಕಾದಷ್ಟೇ ಸಡಿಲ ಮಾಡುವುದು ಒಳ್ಳೇದು.

ನಾನು ಬೆಂಗಳೂರಿನಲ್ಲಿ ಎಂಬೆಡೆಡ್ ಬೋರ್ಡ್‌ಗಳಿಗೆ ಡ್ರೈವರ್, ಅಂದರೆ ಕರ್ನಲ್ ಪರವಾಗಿ ಡಿವೈಸನ್ನು ನಡೆಸುವ ಕೋಡ್, ಬರೆಯುವ ಕೆಲಸ ಮಾಡುತ್ತೇನೆ. ಆದರೆ ಇಲ್ಲಿ ಕೊಡುವ ಮುಖ್ಯ ಉದಾಹರಣೆ ಆಫೀಸಿನದಲ್ಲ, ದಾವಣಗೆರೆಯಲ್ಲಿರುವ ನಮ್ಮ ಮಾವನ ಔಷಧಿ ಅಂಗಡಿಯದು. ಕೌಂಟರ್ ಮೇಲೆ ಹಳೇ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್, ಒಂದು ಯುಎಸ್‌ಬಿ ಹಬ್, ಹಬ್‌ಗೆ ಸ್ಕ್ಯಾನರ್. ಕರೆಂಟ್ ಹೋದಾಗ ಬ್ಯಾಟರಿ ಜಾಸ್ತಿ ಹೊತ್ತು ಬರಲಿ ಎಂದು ಸಿಸ್ಟಮ್ ಹಾಕಿಕೊಟ್ಟವರು ಪವರ್ ಬಳಕೆ ತೋರಿಸುವ, ಉಳಿಸುವ ಟೂಲ್ ಆದ ಪವರ್‌ಟಾಪ್‌ನ ಆಟೋ ಟ್ಯೂನ್ ಅನ್ನು ಬೂಟ್ ಆಗುವಾಗಲೇ ಓಡುವಂತೆ ಇಟ್ಟಿದ್ದರು. ಮಾವನ ದೂರು ಇಷ್ಟೇ: ‘ಗಿರಾಕಿ ಬಂದಾಗ ಮೊದಲ್ನೇ ಡಬ್ಬಿ ಎರಡು ಸಲ ತೋರಿಸ್ಬೇಕು ನೋಡಮ್ಮಾ. ಆಮೇಲಿನವೆಲ್ಲ ಸರಿ ತಗೊಳ್ತದೆ.’

ಈ ಮಾತಲ್ಲೇ ಅರ್ಧ ಉತ್ತರ ಇದೆ. ಮೊದಲನೆಯದು ಮಾತ್ರ ತಪ್ಪಿ, ಉಳಿದವು ಸರಿ ಬಂದರೆ ನಿದ್ದೆಯ ಮೇಲೆ ಅನುಮಾನ ಪಡಿ. ನಡುನಡುವೆ ಎಲ್ಲೆಂದರಲ್ಲಿ ತಪ್ಪುತ್ತಿದ್ದರೆ ಮೊದಲು ಕೇಬಲ್ ಬದಲಾಯಿಸಿ ನೋಡಿ.

ಒಂದು ಮಾತು ಹೇಳಿಬಿಡುತ್ತೇನೆ. ಫೈಲ್ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಮೆಷಿನ್‌ನಲ್ಲಿ ಅವು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಪದಗಳ ನಡುವೆ ಅಂಡರ್‌ಸ್ಕೋರ್ ಸೇರಿ ಇರುತ್ತವೆ.

ಎಲ್ಲಿ ನೋಡಬೇಕು

ರನ್‌ಟೈಮ್ ಪವರ್ ಮ್ಯಾನೇಜ್‌ಮೆಂಟ್ ಅನ್ನೋ ವ್ಯವಸ್ಥೆ ಕರ್ನಲ್‌ಗೆ ಬಂದದ್ದು 2009ರ ಕೊನೆಗೆ, 2.6.32ರಲ್ಲಿ. ರಫಾಯೆಲ್ ವೈಸೋಸ್ಕಿ ಅದರ ಮುಖ್ಯ ಕರ್ತೃ. ಇಡೀ ಮೆಷಿನ್ ಮಲಗುವುದು ಬೇರೆ, ಮೆಷಿನ್ ಎದ್ದಿರುವಾಗಲೇ ಒಂದೊಂದು ಡಿವೈಸ್ ಮಲಗುವುದು ಬೇರೆ. ಈ ವ್ಯವಸ್ಥೆ ನೋಡಿಕೊಳ್ಳುವುದು ಎರಡನೆಯದನ್ನು.

ಸ್ಲ್ಯಾಶ್ ಸಿಸ್ ಒಳಗೆ ಬಸ್, ಅದರಲ್ಲಿ ಯುಎಸ್‌ಬಿ, ಅದರಲ್ಲಿ ಡಿವೈಸಸ್ ಎಂಬ ಫೋಲ್ಡರ್‌ಗೆ ಹೋಗಿ. 1-3, 1-3.2 ಎಂಬಂಥ ಹೆಸರುಗಳು ಕಾಣುತ್ತವೆ. 1-3 ಎಂದರೆ ಒಂದನೇ ಬಸ್‌ನ ಮೂರನೇ ಪೋರ್ಟ್. 1-3.2 ಎಂದರೆ ಅಲ್ಲಿರುವ ಹಬ್‌ನ ಎರಡನೇ ಪೋರ್ಟ್. ಯಾವುದು ನಿಮ್ಮ ಡಿವೈಸ್ ಎಂದು ತಿಳಿಯಲು ಒಳಗಿರುವ ‘ಪ್ರಾಡಕ್ಟ್’ ಫೈಲ್ ಓದಿ. ಪ್ರತಿ ಡಿವೈಸ್‌ಗೂ ‘ಪವರ್’ ಎಂಬ ಫೋಲ್ಡರ್ ಇದೆ. ನಮ್ಮ ಕೆಲಸ ಎಲ್ಲ ಅಲ್ಲೇ.

ಅದರಲ್ಲಿ ‘ರನ್‌ಟೈಮ್ ಸ್ಟೇಟಸ್’ ಫೈಲ್ ಆ ಕ್ಷಣದ ಸ್ಥಿತಿ ಹೇಳುತ್ತದೆ. ಆಕ್ಟಿವ್ ಎಂದರೆ ಎದ್ದಿದೆ, ಸಸ್ಪೆಂಡೆಡ್ ಎಂದರೆ ಮಲಗಿದೆ. ‘ಕಂಟ್ರೋಲ್’ ಫೈಲ್‌ನಲ್ಲಿ ಆನ್ ಅಥವಾ ಆಟೋ ಇರುತ್ತದೆ. ಆನ್ ಎಂದರೆ ಎಂದೂ ಮಲಗಿಸಬೇಡ. ಆಟೋ ಎಂದರೆ ಬಿಡುವಿದ್ದಾಗ ಮಲಗಿಸು. ಹಬ್ ಬಿಟ್ಟರೆ ಉಳಿದ ಯುಎಸ್‌ಬಿ ಡಿವೈಸ್‌ಗಳಿಗೆ ಕರ್ನಲ್ ತಾನಾಗಿ ಇಡುವುದು ಆನ್. ಹಾಗಾಗಿ ಆಟೋ ಕಂಡರೆ ಯಾರೋ ಬದಲಾಯಿಸಿದ್ದಾರೆ ಎಂದರ್ಥ. ಡಿಸ್ಟ್ರೋ ಇರಬಹುದು, ಯಾವುದೋ ಟೂಲ್ ಇರಬಹುದು, ಕೆಲವೊಮ್ಮೆ ಡ್ರೈವರೇ ಇರಬಹುದು. ‘ರನ್‌ಟೈಮ್ ಆಕ್ಟಿವ್ ಟೈಮ್’, ‘ರನ್‌ಟೈಮ್ ಸಸ್ಪೆಂಡೆಡ್ ಟೈಮ್’ ಎಂಬೆರಡು ಫೈಲ್‌ಗಳು ಇಲ್ಲಿವರೆಗೆ ಎಷ್ಟು ಹೊತ್ತು ಎದ್ದಿತ್ತು, ಎಷ್ಟು ಹೊತ್ತು ಮಲಗಿತ್ತು ಎಂದು ಮಿಲಿಸೆಕೆಂಡ್‌ನಲ್ಲಿ ಹೇಳುತ್ತವೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಡಿವೈಸ್ ಮಲಗಿದೆಯಾ ನೋಡೋಣ ಎಂದು ಯುಎಸ್‌ಬಿ ಡಿವೈಸ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಕಮಾಂಡನ್ನು ವಿ ಆಯ್ಕೆ ಜೊತೆ ಓಡಿಸುತ್ತಾರೆ. ಆ ಕಮಾಂಡ್ ಡಿವೈಸನ್ನು ತೆರೆಯುತ್ತದೆ, ತೆರೆದ ಕೂಡಲೇ ಕರ್ನಲ್ ಅದನ್ನು ಎಬ್ಬಿಸುತ್ತದೆ. ಪಿಸಿಐ ಕಡೆ ಎಲ್‌ಎಸ್‌ಪಿಸಿಐ ಕೂಡ ಕೆಲವೊಮ್ಮೆ ಹೀಗೇ ಎಬ್ಬಿಸುತ್ತದೆ. ನೋಡಲು ಹೋದವರೇ ಎಬ್ಬಿಸಿ, ‘ಎದ್ದೇ ಇದೆಯಲ್ಲಾ’ ಅನ್ನುತ್ತಾರೆ. ಸ್ಥಿತಿ ನೋಡಬೇಕಾದರೆ ಕ್ಯಾಟ್ ಬಳಸಿ ಪವರ್ ಫೋಲ್ಡರಿನ ಫೈಲನ್ನಷ್ಟೇ ಓದಿ. ಅದು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ.

ಎಷ್ಟು ತಡ ಎಂದು ಅಳೆಯುವುದು

ಅಂದಾಜಿನ ಮೇಲೆ ಹೋಗಬೇಡಿ. ಕರ್ನಲ್‌ನ ಟ್ರೇಸಿಂಗ್ ಫೋಲ್ಡರ್‌ನಲ್ಲಿ, ಅಂದರೆ ಸ್ಲ್ಯಾಶ್ ಸಿಸ್, ಕರ್ನಲ್, ಟ್ರೇಸಿಂಗ್ ಒಳಗೆ, ಈವೆಂಟ್ಸ್ ಎಂಬಲ್ಲಿ ಆರ್‌ಪಿಎಂ ಎಂಬ ಗುಂಪಿದೆ. ರೂಟ್ ಆಗಿ ಅದರ ‘ಎನೇಬಲ್’ ಫೈಲ್‌ಗೆ 1 ಬರೆಯಿರಿ. ಡಿವೈಸ್ ಮಲಗುವವರೆಗೆ ಕಾಯಿರಿ. ಎಬ್ಬಿಸಿ. ಆಮೇಲೆ ‘ಟ್ರೇಸ್’ ಫೈಲ್ ಓದಿ. ‘ಆರ್‌ಪಿಎಂ ರೆಸ್ಯೂಮ್’ ಎಂಬ ಸಾಲು ಎಬ್ಬಿಸಲು ಶುರು ಮಾಡಿದ ಹೊತ್ತು. ಅದೇ ಡಿವೈಸಿನ ಹೆಸರಿರುವ ‘ಆರ್‌ಪಿಎಂ ರಿಟರ್ನ್ ಇಂಟ್’ ಸಾಲು ಮುಗಿದ ಹೊತ್ತು. ಎರಡರ ನಡುವಿನ ಅಂತರವೇ ತಡ. ಕೆಲವೊಮ್ಮೆ ಈ ಅಂತರ ಕೆಲವೇ ಮೈಕ್ರೋಸೆಕೆಂಡ್ ಕಾಣುತ್ತದೆ. ಖುಷಿ ಪಡಬೇಡಿ. ಅದು ‘ಆಮೇಲೆ ಎಬ್ಬಿಸು’ ಎಂದು ಕೆಲಸವನ್ನು ಸಾಲಿಗೆ ಹಾಕಿ ವಾಪಸ್ ಬಂದದ್ದು. ನಿಜವಾದ ಕೆಲಸ ಕೆವರ್ಕರ್ (ಸಾಲಿನಲ್ಲಿರುವ ಕೆಲಸ ಮಾಡುವ ಕರ್ನಲ್ ಥ್ರೆಡ್) ಎಂಬ ಹೆಸರಿನ ಸಾಲುಗಳಲ್ಲಿ ಇರುತ್ತದೆ. ಅಲ್ಲಿ ಲೆಕ್ಕ ಹಾಕಿ.

ಯುಎಸ್‌ಬಿ 2.0 ನಿಯಮದ ಪ್ರಕಾರ ಎಬ್ಬಿಸುವ ಸಿಗ್ನಲನ್ನು ಹೋಸ್ಟ್ ಕನಿಷ್ಠ 20 ಮಿಲಿಸೆಕೆಂಡ್ ಹಿಡಿದಿರಬೇಕು. ಆಮೇಲೆ ಡಿವೈಸ್ ಸುಧಾರಿಸಿಕೊಳ್ಳಲು 10 ಮಿಲಿಸೆಕೆಂಡ್ ಬಿಡಬೇಕು. ಲಿನಕ್ಸ್ 20ರ ಬದಲು 40 ಹಿಡಿಯುತ್ತದೆ, ಏಕೆಂದರೆ 20ಕ್ಕೆ ಸರಿಯಾಗಿ ಏಳದ ಡಿವೈಸ್‌ಗಳು ಮಾರ್ಕೆಟ್‌ನಲ್ಲಿ ಬೇಕಾದಷ್ಟಿವೆ. ಅಂದರೆ ಒಂದು ಡಿವೈಸ್ ಏಳಲು 50 ಮಿಲಿಸೆಕೆಂಡ್ ಆಯಿತು. ನಡುವೆ ಮಲಗಿದ ಹಬ್ ಇದ್ದರೆ ಮೊದಲು ಅದು ಏಳಬೇಕು, ಆಮೇಲೆ ಡಿವೈಸ್. ತಡಕ್ಕೆ ತಡ ಸೇರುತ್ತದೆ. ಪಿಸಿಐನಲ್ಲಿ ಕರೆಂಟ್ ಇದ್ದೇ ಮಲಗಿದ ಡಿ3 ಹಾಟ್ ಸ್ಥಿತಿಯಿಂದ ಏಳಲು 10 ಮಿಲಿಸೆಕೆಂಡ್ ಕಾಯಬೇಕು. ಕರೆಂಟನ್ನೇ ತೆಗೆದ ಡಿ3 ಕೋಲ್ಡ್‌ನಿಂದಾದರೆ 100. ಈ ಸಂಖ್ಯೆಗಳನ್ನು ನೆನಪಿಡಿ. ನಿಮ್ಮ ಅಳತೆ ಇದರ ಹತ್ತಿರ ಇದ್ದರೆ ಅದು ನಿಯಮದ ತಡ, ಯಾವ ಸೆಟ್ಟಿಂಗ್‌ನಿಂದಲೂ ಕಡಿಮೆ ಆಗಲ್ಲ. ಇದಕ್ಕಿಂತ ಹತ್ತು ಪಟ್ಟು ಇದ್ದರೆ ಡ್ರೈವರ್ ಅಥವಾ ಫರ್ಮ್‌ವೇರ್ ಕಡೆ ತಿರುಗಿ.

ತಡ ಬೇರೆ, ನಷ್ಟ ಬೇರೆ

ಅಂಗಡಿಯ ಸ್ಕ್ಯಾನರ್‌ಗೆ ಬರೋಣ. ಬೀಪ್ ಸದ್ದು ಸ್ಕ್ಯಾನರ್‌ನದೇ. ಕೋಡ್ ಓದಿದೆ ಎಂದಷ್ಟೇ ಅದರರ್ಥ. ಲ್ಯಾಪ್‌ಟಾಪ್‌ಗೆ ತಲುಪಿತು ಎಂದಲ್ಲ. ಮಲಗಿದ್ದ ಸ್ಕ್ಯಾನರ್ ‘ನನಗೆ ಕೆಲಸ ಬಂತು’ ಎಂದು ರಿಮೋಟ್ ವೇಕಪ್ ಸಿಗ್ನಲ್ ಕಳಿಸುತ್ತದೆ. ಹಬ್ ಏಳಬೇಕು, ಪೋರ್ಟ್ ಏಳಬೇಕು. ಅಲ್ಲಿವರೆಗೆ ಬಾರ್‌ಕೋಡ್‌ನ ಹದಿಮೂರು ಅಂಕಿಗಳನ್ನು ಸ್ಕ್ಯಾನರ್ ತನ್ನಲ್ಲೇ ಇಟ್ಟುಕೊಂಡಿರಬೇಕು. ಒಳ್ಳೆಯವು ಇಟ್ಟುಕೊಳ್ಳುತ್ತವೆ. ಇದು ಬಿಸಾಡುತ್ತಿತ್ತು.

ವಿಚಿತ್ರ ಏನೆಂದರೆ, ರಿಮೋಟ್ ವೇಕಪ್ ಬರುವುದೇ ಇಲ್ಲ ಎಂದು ಪ್ರಾಮಾಣಿಕವಾಗಿ ಹೇಳಿಕೊಳ್ಳುವ ಸ್ಕ್ಯಾನರ್‌ನಿಂದ ಈ ತೊಂದರೆ ಇಲ್ಲ. ಬಳಕೆಯಲ್ಲಿರುವ ಕೀಬೋರ್ಡ್ ಥರದ ಡಿವೈಸ್‌ಗೆ ಆ ಶಕ್ತಿ ಇಲ್ಲದಿದ್ದರೆ ಕರ್ನಲ್ ಅದನ್ನು ಮಲಗಿಸುವುದೇ ಇಲ್ಲ. ಕಾಟ ಕೊಡುವುದು, ಇದೆ ಎಂದು ಹೇಳಿ ಅರ್ಧಂಬರ್ಧ ಮಾಡುವಂಥವು.

ಔಷಧಿಯ ಡಬ್ಬಿ ಬಿಲ್ಲಿಗೆ ಹತ್ತದೆ ಹೋಗುವುದು ನಷ್ಟ. ಮೌಸ್ ಪಾಯಿಂಟರ್ ಅರೆಕ್ಷಣ ನಿಲ್ಲುವುದು ಬರೀ ತಡ. ಮದ್ದು ಆರಿಸುವ ಮೊದಲು ನಿಮ್ಮದು ಯಾವುದು ಎಂದು ತೀರ್ಮಾನಿಸಿ. ನಷ್ಟ ಆಗುತ್ತಿದ್ದರೆ ಕಂಟ್ರೋಲ್ ಫೈಲ್‌ಗೆ ಆನ್ ಬರೆಯಿರಿ, ಬೇರೆ ದಾರಿ ಇಲ್ಲ. ಬರೀ ತಡವಾದರೆ ‘ಆಟೋಸಸ್ಪೆಂಡ್ ಡಿಲೇ ಎಂಎಸ್’ ಫೈಲನ್ನು ಬದಲಾಯಿಸಿ. ಎಷ್ಟು ಹೊತ್ತು ಬಿಡುವಿದ್ದರೆ ಮಲಗಿಸಬೇಕು ಎಂದು ಮಿಲಿಸೆಕೆಂಡ್‌ನಲ್ಲಿ ಅಲ್ಲಿ ಇರುತ್ತದೆ. ಯುಎಸ್‌ಬಿಗೆ ಮೊದಲಿನಿಂದ ಇರುವುದು 2000, ಅಂದರೆ 2 ಸೆಕೆಂಡ್. ಮನುಷ್ಯ ಯೋಚಿಸುತ್ತಾ ಕೈ ತೆಗೆಯುವ ಹೊತ್ತಿಗೆ ಮೌಸ್ ಮಲಗಿರುತ್ತದೆ. ಅದನ್ನು 60000 ಮಾಡಿದರೆ ಕೆಲಸ ಮಾಡುವಾಗ ತಡವೇ ಕಾಣುವುದಿಲ್ಲ, ಊಟಕ್ಕೆ ಎದ್ದುಹೋದಾಗ ಪವರ್ ಉಳಿಯುತ್ತದೆ. ನಷ್ಟ ಮಾಡುವ ಡಿವೈಸ್‌ಗೆ ಈ ಉಪಾಯ ಹಾಕಬೇಡಿ. ತಪ್ಪು ಅಪರೂಪ ಆಗುತ್ತದೆ ಅಷ್ಟೇ. ಅಪರೂಪದ ತಪ್ಪನ್ನು ಹಿಡಿಯುವುದು ಇನ್ನೂ ಕಷ್ಟ.

ಹೀಗೆ ಬರೆದದ್ದು ರೀಬೂಟ್ ಆದರೆ ಹೋಗುತ್ತದೆ. ಉಳಿಯಬೇಕಾದರೆ ಯುಡೆವ್ (ಡಿವೈಸ್ ಸೇರಿದಾಗ ಏನು ಮಾಡಬೇಕೆಂದು ನೋಡಿಕೊಳ್ಳುವ ಪ್ರೋಗ್ರಾಮ್) ನಿಯಮ ಬೇಕು. ಇಟಿಸಿ ಒಳಗಿನ ಯುಡೆವ್, ಅದರ ರೂಲ್ಸ್ ಡಾಟ್ ಡಿ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ. ಹೆಸರು ಡಾಟ್ ರೂಲ್ಸ್ ಎಂದೇ ಮುಗಿಯಬೇಕು. ಅದರಲ್ಲಿ ಒಂದೇ ಸಾಲು: ಆಕ್ಷನ್ ಆಡ್ ಆಗಿರಬೇಕು, ಸಬ್‌ಸಿಸ್ಟಮ್ ಯುಎಸ್‌ಬಿ ಆಗಿರಬೇಕು, ವೆಂಡರ್ ಐಡಿ ಮತ್ತು ಪ್ರಾಡಕ್ಟ್ ಐಡಿ ನಿಮ್ಮ ಡಿವೈಸಿನದಾಗಿರಬೇಕು. ಹಾಗಿದ್ದರೆ ಪವರ್ ಒಳಗಿನ ಕಂಟ್ರೋಲ್‌ಗೆ ಆನ್ ಹಾಕು. ಆ ಎರಡು ಐಡಿಗಳು ಎಲ್‌ಎಸ್‌ಯುಎಸ್‌ಬಿಯಲ್ಲಿ ನಾಲ್ಕು ನಾಲ್ಕು ಅಕ್ಷರದಲ್ಲಿ ಕಾಣುತ್ತವೆ. ಷರತ್ತುಗಳಿಗೆ ಎರಡು ಈಕ್ವಲ್ ಗುರುತು, ಬರೆಯಬೇಕಾದ ಮೌಲ್ಯಕ್ಕೆ ಒಂದೇ ಈಕ್ವಲ್. ಯುಡೆವ್ ನಿಯಮ ಕೆಲಸ ಮಾಡಲ್ಲ ಎಂದು ಬಂದವರ ಫೈಲ್‌ಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಅಂಗಡಿಯಲ್ಲಿ ನಿಯಮ ಒಂದೇ ಸಾಲುತ್ತಿರಲಿಲ್ಲ. ಬೂಟ್ ಆಗುವಾಗ ಯುಡೆವ್ ಆನ್ ಮಾಡುತ್ತದೆ, ಆಮೇಲೆ ಪವರ್‌ಟಾಪ್ ಬಂದು ಎಲ್ಲವನ್ನೂ ಮತ್ತೆ ಆಟೋ ಮಾಡುತ್ತದೆ. ಪವರ್‌ಟಾಪ್ ನೋಡುವುದಕ್ಕೆ ಬಹಳ ಒಳ್ಳೆಯ ಟೂಲ್. ಬದಲಾಯಿಸುವ ಕೆಲಸವನ್ನು ಕಣ್ಣುಮುಚ್ಚಿ ಅದಕ್ಕೆ ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಆ ಸರ್ವಿಸ್ ನಿಲ್ಲಿಸಿ, ಪವರ್ ಉಳಿಸುವ ಇನ್ನೊಂದು ಟೂಲ್ ಆದ ಟಿಎಲ್‌ಪಿ ಹಾಕಿದೆ. ಕೀಬೋರ್ಡ್, ಮೌಸ್ ಜಾತಿಯ ಡಿವೈಸ್‌ಗಳನ್ನು ಟಿಎಲ್‌ಪಿ ತಾನಾಗಿಯೇ ಮುಟ್ಟುವುದಿಲ್ಲ, ಈ ಸ್ಕ್ಯಾನರ್ ಕೂಡ ಅದೇ ಜಾತಿ. ಬೇರೆ ಜಾತಿಯದಾದರೆ ಅದರ ಕಾನ್ಫಿಗ್ ಫೈಲ್‌ನ ಯುಎಸ್‌ಬಿ ಡಿನೈಲಿಸ್ಟ್‌ನಲ್ಲಿ (ಮುಟ್ಟಬಾರದವುಗಳ ಪಟ್ಟಿ) ಐಡಿ ಬರೆದರಾಯಿತು.

ಎಷ್ಟು ಕಾಯಬಲ್ಲೆ ಎಂದು ಹೇಳುವ ದಾರಿ

ಆನ್, ಆಟೋ ಎರಡರ ನಡುವೆ ಇನ್ನೊಂದು ದಾರಿ ಇದೆ. ‘ಮಲಗಿಸು, ಆದರೆ ಇಷ್ಟರೊಳಗೆ ಎಬ್ಬಿಸೋಕೆ ಆಗುವಂತಿರಲಿ’ ಎಂದು ಕರ್ನಲ್‌ಗೆ ಹೇಳುವುದು. ಇದನ್ನು ಪಿಎಂ ಕ್ಯೂಒಎಸ್ ಎನ್ನುತ್ತಾರೆ. ಪಿಎಂ ಎಂದರೆ ಪವರ್ ಮ್ಯಾನೇಜ್‌ಮೆಂಟ್, ಕ್ಯೂಒಎಸ್ ಎಂದರೆ ಕ್ವಾಲಿಟಿ ಆಫ್ ಸರ್ವಿಸ್. ಪವರ್ ಫೋಲ್ಡರ್‌ನಲ್ಲಿ ‘ಪಿಎಂ ಕ್ಯೂಒಎಸ್ ರೆಸ್ಯೂಮ್ ಲೇಟೆನ್ಸಿ ಯುಎಸ್’ ಎಂಬ ಫೈಲ್ ಕಂಡರೆ ಅದೇ. ಅಳತೆ ಮೈಕ್ರೋಸೆಕೆಂಡ್‌ನಲ್ಲಿ.

ಈ ಫೈಲ್‌ನಲ್ಲಿ 0 ಎಂದರೆ ಸೊನ್ನೆ ತಡ ಎಂದಲ್ಲ. ‘ಎಷ್ಟು ತಡವಾದರೂ ಪರವಾಗಿಲ್ಲ’ ಎಂದು. ಸ್ವಲ್ಪವೂ ಕಾಯಲಾರೆ ಎನ್ನಬೇಕಾದರೆ ಎನ್, ಸ್ಲ್ಯಾಶ್, ಎ ಎಂಬ ಮೂರು ಅಕ್ಷರ ಬರೆಯಬೇಕು. ಉಲ್ಟಾ ಅನ್ನಿಸುತ್ತದೆ, ನಿಜ. ಇನ್ನೊಂದು ವಿಷಯ. ಈ ಫೈಲ್ ಎಲ್ಲ ಡಿವೈಸ್‌ಗೂ ಇರುವುದಿಲ್ಲ, ಡ್ರೈವರ್ ಅಥವಾ ಅದರ ಸಬ್‌ಸಿಸ್ಟಮ್ ತೆರೆದಿಟ್ಟರೆ ಮಾತ್ರ. ಇದ್ದರೂ 5000 ಎಂದು ಬರೆದ ಮಾತ್ರಕ್ಕೆ ಮ್ಯಾಜಿಕ್ ಆಗುವುದಿಲ್ಲ. ರನ್‌ಟೈಮ್ ಪಿಎಂನ ತಿರುಳು ನೋಡುವುದು ‘ಸ್ವಲ್ಪವೂ ಕಾಯಲಾರೆ’ ಎಂದಿದೆಯಾ ಎಂದಷ್ಟೇ. ನಡುವಿನ ಸಂಖ್ಯೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಪವರ್ ಡೊಮೇನ್‌ನ (ಒಟ್ಟಿಗೆ ಕರೆಂಟ್ ಹಂಚಿಕೊಳ್ಳುವ ಡಿವೈಸ್‌ಗಳ ಗುಂಪು) ಗವರ್ನರ್, ಅಂದರೆ ಆ ಗುಂಪನ್ನು ಯಾವಾಗ ಮಲಗಿಸಬೇಕೆಂದು ತೀರ್ಮಾನಿಸುವ ಕೋಡ್. ಮೊಬೈಲ್ ಚಿಪ್, ಎಂಬೆಡೆಡ್ ಬೋರ್ಡ್‌ಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಅಲ್ಲಿ ಡಿವೈಸ್ ಟ್ರೀಯಲ್ಲೇ (ಬೋರ್ಡ್‌ನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ಹೇಳುವ ಫೈಲ್) ಪ್ರತಿ ಡೊಮೇನ್‌ಗೆ ಮಲಗಲು ಎಷ್ಟು ಹೊತ್ತು, ಏಳಲು ಎಷ್ಟು, ಕನಿಷ್ಠ ಎಷ್ಟು ಮಲಗಿದರೆ ಲಾಭ ಎಂದು ಬರೆದಿರಬಹುದು. ಮನೆಯ ಲ್ಯಾಪ್‌ಟಾಪ್‌ನ ಯುಎಸ್‌ಬಿ ಮೌಸ್‌ಗೆ ಇದರ ಉಪಯೋಗ ಕಡಿಮೆ.

ಪ್ರೊಸೆಸರ್‌ನ ನಿದ್ದೆಗೆ ಬೇರೆ ಬಾಗಿಲು: ಡೆವ್ ಒಳಗಿನ ‘ಸಿಪಿಯು ಡಿಎಂಎ ಲೇಟೆನ್ಸಿ’. ಆಡಿಯೋ ರೆಕಾರ್ಡಿಂಗ್ ಮಾಡುವವರಿಗೆ, ವೇಗದ ನೆಟ್‌ವರ್ಕ್ ಕಾರ್ಡ್ ಇಟ್ಟವರಿಗೆ ಇದು ಬೇಕಾಗುತ್ತದೆ. ಫೈಲ್ ತೆರೆದಿರುವಷ್ಟು ಹೊತ್ತು ಮಾತ್ರ ನಿಮ್ಮ ಬೇಡಿಕೆ ಜೀವಂತ. ಮುಚ್ಚಿದರೆ ಹೋಯಿತು. ಹಾಗಾಗಿ ಎಕೋ ಮಾಡಿದರೆ ಏನೂ ಉಪಯೋಗವಿಲ್ಲ. ಶೆಲ್‌ನಲ್ಲಿ ಎಕ್ಸೆಕ್ ಬಳಸಿ 3ನೇ ಡಿಸ್ಕ್ರಿಪ್ಟರ್‌ನಲ್ಲಿ ತೆರೆದಿಟ್ಟು, ಪ್ರಿಂಟ್‌ಎಫ್‌ನಿಂದ ಅದಕ್ಕೆ ಬರೆಯಿರಿ.

ಬರೆಯುವುದರಲ್ಲೂ ಎಡವುವ ಜಾಗ ಒಂದಿದೆ. ಸರಿಯಾಗಿ ನಾಲ್ಕು ಬೈಟ್ ಬಂದರೆ ಕರ್ನಲ್ ಅದನ್ನು ಬೈನರಿ ಸಂಖ್ಯೆ ಎಂದು ಓದುತ್ತದೆ. ಬೇರೆ ಉದ್ದವಾದರೆ ಹೆಕ್ಸ್ (ಹದಿನಾರರ ಲೆಕ್ಕದ ಸಂಖ್ಯೆ) ಅಕ್ಷರಗಳೆಂದು ಓದುತ್ತದೆ. 100 ಬರೆದು ಎಂಟರ್ ಸೇರಿಸಿದರೆ ನಾಲ್ಕು ಬೈಟ್ ಆಯಿತಲ್ಲ! ಆಗ ಮಿತಿ 100 ಮೈಕ್ರೋಸೆಕೆಂಡ್ ಅಲ್ಲ, ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಸುಮಾರು 171 ಸೆಕೆಂಡ್ ಆಗಿ ಕೂರುತ್ತದೆ. 100 ಬೇಕಾದರೆ ಅದರ ಹೆಕ್ಸ್ ರೂಪ 64. ಮುಂದೆ ಸೊನ್ನೆ, ಎಕ್ಸ್, ಆಮೇಲೆ ಆರು ಸೊನ್ನೆ ಹಾಕಿ ಒಟ್ಟು ಹತ್ತು ಅಕ್ಷರ ಮಾಡಿ ಬರೆಯಿರಿ. ಇಲ್ಲಿ 0 ಎಂದರೆ ನಿಜವಾಗಿ ಸೊನ್ನೆ. ಪ್ರೊಸೆಸರ್ ಮಲಗುವುದೇ ಇಲ್ಲ, ಫ್ಯಾನ್ ಕೂಗಲು ಶುರು ಮಾಡುತ್ತದೆ. ಯಾವ ಮಿತಿ ಇಡಬೇಕು ಎಂದು ತಿಳಿಯಲು ಸಿಪಿಯು ಫೋಲ್ಡರ್‌ನ ಸಿಪಿಯುಐಡಲ್ ಒಳಗೆ ಪ್ರತಿ ಸ್ಟೇಟ್‌ನ ‘ಲೇಟೆನ್ಸಿ’ ಫೈಲ್ ಓದಿ. ಯಾವ ಆಳ ಬೇಡವೋ ಅದರ ಲೇಟೆನ್ಸಿಗಿಂತ ಸ್ವಲ್ಪ ಕಡಿಮೆ ಇಟ್ಟರೆ ಸಾಕು.

ಉಳಿದವು

ಸ್ಪೀಕರ್‌ನ ‘ಟಪ್’ ಸದ್ದಿಗೆ ಇಂಟೆಲ್ ಎಚ್‌ಡಿಎ ಸೌಂಡ್ ಮಾಡ್ಯೂಲ್‌ನ ‘ಪವರ್ ಸೇವ್’ ನೋಡಿ. ಅದು ಸೆಕೆಂಡ್‌ನಲ್ಲಿ, 0 ಎಂದರೆ ಮಲಗಿಸಬೇಡ. ಸದ್ದು ನೋಡಿಕೊಳ್ಳುವ ಪೈಪ್‌ವೈರ್ ಇರುವಲ್ಲಿ ಅದರ ಮ್ಯಾನೇಜರ್ ವೈರ್‌ಪ್ಲಂಬರ್ ಕೂಡ 5 ಸೆಕೆಂಡ್ ಸದ್ದಿಲ್ಲದಿದ್ದರೆ ಔಟ್‌ಪುಟ್ಟನ್ನು ಮುಚ್ಚುತ್ತದೆ. ಒಂದನ್ನು ಬದಲಾಯಿಸಿ ಸರಿ ಹೋಗದಿದ್ದರೆ ಇನ್ನೊಂದನ್ನು ನೋಡಿ.

ಎನ್‌ವಿಎಂಇ ಡಿಸ್ಕ್ (ಪಿಸಿಐಗೆ ಸೇರುವ ಎಸ್‌ಎಸ್‌ಡಿ) ತನ್ನ ಪವರ್ ಸ್ಟೇಟ್‌ಗಳ ಪಟ್ಟಿಯನ್ನು ತಾನೇ ಕೊಡುತ್ತದೆ. ಎನ್‌ವಿಎಂಇ ಕಮಾಂಡ್‌ನ ಐಡಿ ಕಂಟ್ರೋಲ್ ಆಯ್ಕೆಯಲ್ಲಿ ಏಳುವ ತಡ ಮೈಕ್ರೋಸೆಕೆಂಡ್‌ನಲ್ಲಿ ಕಾಣುತ್ತದೆ. ಕರ್ನಲ್ ಒಪ್ಪುವ ಮಿತಿ 100000, ಅಂದರೆ 100 ಮಿಲಿಸೆಕೆಂಡ್. ‘ಡಿಫಾಲ್ಟ್ ಪಿಎಸ್ ಮ್ಯಾಕ್ಸ್ ಲೇಟೆನ್ಸಿ ಯುಎಸ್’ ಎಂಬ ಬೂಟ್ ಆಯ್ಕೆಯಿಂದ ಅದನ್ನು ಇಳಿಸಬಹುದು. ಡಿಸ್ಕ್ ನಡುವೆ ಕಾಣೆಯಾಗುತ್ತಿದ್ದರೆ ಪರೀಕ್ಷೆಗೆ 0 ಹಾಕಿ ನೋಡಿ, ಆಮೇಲೆ ಅತಿ ಆಳದ ಸ್ಟೇಟ್ ಒಂದೇ ಬಿಟ್ಟುಹೋಗುವಂತೆ ಸಂಖ್ಯೆ ಆರಿಸಿ.

ಲ್ಯಾಪ್‌ಟಾಪ್ ಮುಚ್ಚಳ ತೆರೆದಾಗ ತಡವಾದರೆ ಅದು ಇಡೀ ಮೆಷಿನ್‌ನ ಕಥೆ. ಕರ್ನಲ್ ಸೋರ್ಸ್ ಜೊತೆಗೇ ಬರುವ ಸ್ಲೀಪ್‌ಗ್ರಾಫ್ ಟೂಲ್ ಓಡಿಸಿ. ಒಂದು ಎಚ್‌ಟಿಎಂಎಲ್ ಪೇಜ್ ಕೊಡುತ್ತದೆ. ಅದರ ಗ್ರಾಫ್‌ನಲ್ಲಿ ಯಾವ ಡಿವೈಸ್‌ನ ಬಾರ್ ಉದ್ದ ಇದೆಯೋ ಅದೇ ಕಾರಣ.

ಡ್ರೈವರ್ ಬರೆಯುವವರಿಗೆ

ನನ್ನ ಆಫೀಸ್ ಕೆಲಸದಲ್ಲಿ ಹೆಚ್ಚಿನ ತಡ ಸಿಕ್ಕಿರುವುದು ರೆಸ್ಯೂಮ್ ಫಂಕ್ಷನ್‌ನೊಳಗಿನ ಎಂಸ್ಲೀಪ್ ಕರೆಗಳಲ್ಲಿ. ಸೆನ್ಸರ್‌ನ ಡೇಟಾಶೀಟ್ 2 ಮಿಲಿಸೆಕೆಂಡ್ ಕಾಯಿರಿ ಎಂದಿರುತ್ತದೆ. ಬರೆದವರು ಎಂಸ್ಲೀಪ್ 2 ಹಾಕಿರುತ್ತಾರೆ. ಅದು 20 ಮಿಲಿಸೆಕೆಂಡ್‌ವರೆಗೂ ಹೋಗಬಹುದು, ಏಕೆಂದರೆ ಅದು ಟೈಮರ್ ಟಿಕ್ ಲೆಕ್ಕದ್ದು. 20 ಮಿಲಿಸೆಕೆಂಡ್‌ಗಿಂತ ಕಡಿಮೆ ಕಾಯಬೇಕಾದರೆ ಯುಸ್ಲೀಪ್ ರೇಂಜ್ ಬಳಸಿ.

ಎಬ್ಬಿಸಲು ಹಳೆಯ ‘ಗೆಟ್ ಸಿಂಕ್’ ಬದಲು ಕರ್ನಲ್ 5.10ರಿಂದ ಬಂದ ‘ರೆಸ್ಯೂಮ್ ಅಂಡ್ ಗೆಟ್’ ಬಳಸಿ. ಗೆಟ್ ಸಿಂಕ್ ಸೋತರೂ ಬಳಕೆಯ ಎಣಿಕೆ ಏರಿಯೇ ಇರುತ್ತದೆ. ಎರರ್ ದಾರಿಯಲ್ಲಿ ಇಳಿಸಲು ಮರೆತರೆ ಡಿವೈಸ್ ಮತ್ತೆಂದೂ ಮಲಗುವುದಿಲ್ಲ. ಕೆಲಸ ಮುಗಿದ ಮೇಲೆ ‘ಪುಟ್ ಆಟೋಸಸ್ಪೆಂಡ್’. ಹಳೆಯ ಕರ್ನಲ್‌ಗಳಲ್ಲಿ ಅದಕ್ಕೂ ಮೊದಲು ‘ಮಾರ್ಕ್ ಲಾಸ್ಟ್ ಬಿಸಿ’ ಬೇಕು. ಆಟೋಸಸ್ಪೆಂಡ್ ಇಲ್ಲದೆ ಬರೀ ‘ಪುಟ್’ ಹಾಕಿದರೆ ಎರಡು ಐ2ಸಿ ಓದುಗಳ ನಡುವೆಯೂ ಚಿಪ್ ಮಲಗಿ ಎದ್ದು ಮಾಡುತ್ತದೆ.

ಪರೀಕ್ಷೆ ಮಾಡುವಾಗ ಆಟೋಸಸ್ಪೆಂಡ್ ಡಿಲೇಯನ್ನು 0 ಮಾಡಿ, ಡಿವೈಸನ್ನು ಲೂಪ್‌ನಲ್ಲಿ ಓದುತ್ತಾ ಬಿಡಿ. ಪ್ರತಿ ಓದಿಗೂ ಅದು ಮಲಗಿ ಏಳಬೇಕಾಗುತ್ತದೆ. ರಿಜಿಸ್ಟರ್ ವಾಪಸ್ ತುಂಬಲು ಮರೆತಿದ್ದರೆ ತಪ್ಪು ರೀಡಿಂಗ್ ಬರುತ್ತದೆ. ಕಾಲ್‌ಬ್ಯಾಕ್ ಎರರ್ ಕೊಟ್ಟರೆ ರನ್‌ಟೈಮ್ ಸ್ಟೇಟಸ್‌ನಲ್ಲಿ ‘ಎರರ್’ ಎಂದು ಕೂರುತ್ತದೆ, ತಾನಾಗಿ ಹೋಗುವುದಿಲ್ಲ. ಸಸ್ಪೆಂಡ್ ಫಂಕ್ಷನ್‌ನಿಂದ ಇಬಿಸಿ ಅಥವಾ ಇಎಗೇನ್ ಬಿಟ್ಟು ಬೇರೆ ಯಾವ ಎರರ್ ಕೊಟ್ಟರೂ ಹೀಗೇ. ‘ಈಗ ಬಿಡುವಿಲ್ಲ’ ಎನ್ನಬೇಕಾದಲ್ಲಿ ಇಐಒ ಕೊಟ್ಟಿದ್ದೀರಾ ಎಂದು ಅಲ್ಲೇ ಮೊದಲು ನೋಡಿ.